ಬಾಯಿಪಾಠವಾಗಿದ್ದ ದಾರಿಗಳು

ಹೋದ ತಿಂಗಳು ಅವರು ತೀರಿಕೊಂಡರು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸುದ್ದಿ ಬಂತು. ಒಂಬತ್ತೂಕಾಲರ ಹೊತ್ತಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಹತ್ತು ಗಂಟೆಗೆ ಯಾರೋ ಅದೇ ಗುಂಪಿನಲ್ಲಿ ಪ್ರಿಂಟರ್ ಕೆಲಸ ಮಾಡುತ್ತಿಲ್ಲವೆಂದು ಬರೆದರು. ನಾನೂ ಒಂದು ಕೈಮುಗಿದ ಚಿತ್ರ ಹಾಕಿ ಫೋನನ್ನು ಮಗುಚಿಟ್ಟೆ.

ಅವರ ಕೆಲಸ ಹೋದದ್ದು ನನ್ನಿಂದ. ಅದು ಮತ್ತೆ ಅವರ ಕೈಗೆ ಸಿಗುವಂತೆ ಮಾಡುವ ಅವಕಾಶ ಪೂರಾ ಎರಡು ತಿಂಗಳು ನನಗಿತ್ತು. ಒಂದು ಭಾನುವಾರ ಅವರ ಮನೆಗೆ ಹೋಗಿ ಎದುರು ಕೂತಿದ್ದರೆ ಆಗುತ್ತಿತ್ತು. ನಾನು ಹೋಗಲಿಲ್ಲ. ಹೀಗೆ ನೇರವಾಗಿ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭವಾದೀತು ಅಂದುಕೊಂಡಿದ್ದೆ, ಆಗುತ್ತಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳುವ ಯೋಗ್ಯತೆಯನ್ನು ನಾನು ಉಳಿಸಿಕೊಂಡಿಲ್ಲ.

ನಮ್ಮ ಆಫೀಸು ಚಾಮರಾಜಪೇಟೆಯ ಒಂದು ಹಳೆಯ ಮನೆ. ಹಜಾರದಲ್ಲಿ ಹನ್ನೆರಡು ಜನ ಕೂರುತ್ತೇವೆ, ಮಾಲೀಕರು ಮಲಗುವ ಕೋಣೆಯಲ್ಲಿ ಕೂರುತ್ತಾರೆ, ಸರ್ವರ್ ದೇವರ ಮನೆಯಲ್ಲಿದೆ. ಅಲ್ಲಿ ಗಾಳಿಯಾಡುವ ಜಾಲರಿ ಇತ್ತು ಎಂಬುದು ಕಾರಣ. ಆದರೆ ನಾನು ಹೇಳುತ್ತಿರುವ ಹಿರಿಯರು ಮಾತ್ರ ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುತ್ತಿದ್ದರು, ನಮ್ಮಿಂದಲೂ ಬಿಡಿಸುತ್ತಿದ್ದರು. ಆಯುಧಪೂಜೆಯ ದಿನ ಸರ್ವರ್‌ಗೆ ಕುಂಕುಮ ಇಡುತ್ತಿದ್ದರು. ಒಂದು ವರ್ಷ ಯಾರೋ ಭಕ್ತಿ ಹೆಚ್ಚಾಗಿ ಅದರ ಫ್ಯಾನಿನ ಬಾಯಿಗೇ ಸೇವಂತಿಗೆ ಇಟ್ಟು, ಸರ್ವರ್ ಕಾದು ನಿಂತುಹೋದಾಗ, "ದೇವರಿಗೂ ಉಸಿರಾಡಕ್ಕೆ ಜಾಗ ಬಿಡ್ರಪ್ಪ" ಅಂದಿದ್ದರು.

ನಾವು ರಕ್ತಪರೀಕ್ಷೆ ಮಾಡುವ ಸಣ್ಣ ಲ್ಯಾಬುಗಳಿಗೆ ತಂತ್ರಾಂಶ ಬರೆಯುತ್ತೇವೆ. ಸಕ್ಕರೆ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಎಂದು ಮುದ್ರಿಸಿ ಕೊಡುತ್ತಾರಲ್ಲ, ಆ ಹಾಳೆ ಹೊರಬರುವುದು ನಮ್ಮ ತಂತ್ರಾಂಶದಿಂದ. ಹನ್ನೆರಡು ಜನ ಬರೆದ ತುಂಡು ತುಂಡು ಕೋಡನ್ನು ಒಟ್ಟುಗೂಡಿಸಿ, ಲ್ಯಾಬಿನ ಕಂಪ್ಯೂಟರಿನಲ್ಲಿ ಓಡುವ ಹಾಗೆ ಒಂದು ಮಾಡುವುದಕ್ಕೆ ಬಿಲ್ಡ್ ಎನ್ನುತ್ತೇವೆ. ಬಿಲ್ಡ್ ನೋಡಿಕೊಳ್ಳುವುದೇ ಅವರ ಕೆಲಸ. ನಮ್ಮ ಕೋಡಿನ ಜೊತೆಗೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳೂ ಬೇಕಾಗುತ್ತವೆ. ಅಕ್ಷರ ಮುದ್ರಿಸುವುದಕ್ಕೊಂದು, ಬಾರ್‌ಕೋಡ್ ಓದುವುದಕ್ಕೊಂದು, ಹೀಗೆ. ಅವಕ್ಕೆ ಲೈಬ್ರರಿ ಎಂದು ಹೆಸರು. ಯಾವ ಲೈಬ್ರರಿ ಯಾವ ಫೋಲ್ಡರಿನ ಒಳಗೆ ಯಾವ ಫೋಲ್ಡರಿನಲ್ಲಿದೆ ಎಂಬ ದಾರಿಯನ್ನು ಒಂದು ಕಡತದಲ್ಲಿ ಬರೆದಿಟ್ಟಿರುತ್ತೇವೆ, ಅದನ್ನು ಪಾತ್ ಅನ್ನುತ್ತೇವೆ. ಲೈಬ್ರರಿ ಜಾಗ ಬದಲಿಸಿ ಕಡತದಲ್ಲಿ ಹಳೆಯ ಪಾತ್ ಉಳಿದುಬಿಟ್ಟರೆ ಬಿಲ್ಡ್ ಅಲ್ಲೇ ನಿಂತು 'ಸಿಗಲಿಲ್ಲ' ಎನ್ನುತ್ತದೆ. ಇದನ್ನೆಲ್ಲ ಒಮ್ಮೆ ನಮ್ಮತ್ತೆಗೆ ವಿವರಿಸಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಸಾಮಾನು ಎಲ್ಲಿಟ್ಟಿದೀರಾ ಅಂತ ನೆನಪಿಟ್ಕೊಳ್ಳೋ ಕೆಲಸ" ಅಂದರು.

ನಾವೆಲ್ಲ ಸಾರ್ ಎನ್ನುತ್ತಿದ್ದ ಅವರ ನೆನಪು ಹಾಗಿತ್ತು. ಮುನ್ನೂರಕ್ಕೂ ಹೆಚ್ಚು ಪಾತ್‌ಗಳು ಅವರಿಗೆ ಬಾಯಿಪಾಠ. ಎರಡು ಅಕ್ಷರ ಒತ್ತಿದರೆ ಮಿಕ್ಕಿದ್ದನ್ನು ಕಂಪ್ಯೂಟರೇ ತುಂಬಿಕೊಡುತ್ತದೆ, ನಾವೆಲ್ಲ ಹಾಗೆ ಮಾಡುವವರು. ಅವರು ಇಡೀ ಪಾತನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಟೈಪ್ ಮಾಡುತ್ತಿದ್ದರು, ಸಂಧ್ಯಾವಂದನೆಯಲ್ಲಿ ಗೋತ್ರ ಪ್ರವರ ಒಪ್ಪಿಸುವ ಹಾಗೆ. ನಾನು ರೇಗಿಸುತ್ತಿದ್ದೆ. "ಸಾರ್, ನಿಮ್ಮ ತಲೇನೇ ಬ್ಯಾಕಪ್ ತಗೊಂಡುಬಿಡ್ತೀವಿ." ಅವರು ನಗುತ್ತಿದ್ದರು. ಮೌಸ್ ಮುಟ್ಟುತ್ತಿರಲಿಲ್ಲ. ಪರದೆಯಲ್ಲಿ ಅಕ್ಷರ ಎಷ್ಟು ದೊಡ್ಡದಾಗಿ ಇರುತ್ತಿತ್ತೆಂದರೆ ಒಂದು ಸಾಲಿಗೆ ನಾಲ್ಕೈದು ಪದ ಹಿಡಿದರೆ ಹೆಚ್ಚು. ಕೇಳಿದರೆ, "ಬೆಳಕು ಹೊಡಿಯತ್ತಮ್ಮ" ಅನ್ನುತ್ತಿದ್ದರು.

ನಾನು ಸೇರಿದ ಮೊದಲ ವಾರ ನನ್ನ ಬಿಲ್ಡ್ ಫೇಲ್ ಆಯಿತು. ಕೆಂಪು ಸಾಲುಗಳು ಇನ್ನೂರು. ಮದುವೆಯಾಗಿ, ಮಗು ಆಗಿ, ನಾಲ್ಕು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದವಳು ನಾನು. ಕೈಲಾಗುವುದಿಲ್ಲ ಎಂದು ನಾಲ್ಕು ಜನ ಹೇಳಿಯೇ ಕಳಿಸಿದ್ದರು. ಅವರು ತಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಓದಮ್ಮ."

"ಸಾರ್, ಇಲ್ಲೇ ಇದೆಯಲ್ಲ, ನೋಡಿ."

"ನೀನೇ ಓದು. ಜೋರಾಗಿ. ಕೊನೇದಲ್ಲ, ಮೊದಲನೇ ಸಾಲು. ಮಿಕ್ಕಿದ್ದೆಲ್ಲ ಅದರ ಹಿಂದೆ ಬಂದಿರೋದು."

ಓದಿದೆ. ಓದುತ್ತಿದ್ದ ಹಾಗೆಯೇ ತಪ್ಪು ಕಣ್ಣಿಗೆ ಬಿತ್ತು. ಅವರು ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ ಕೇಳುತ್ತಿದ್ದರು. "ಸಿಗಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ ಕಣಮ್ಮ. ನೀನು ಹುಡುಕಿದ ಕಡೆ ಇಲ್ಲ, ಅಷ್ಟೆ" ಅಂದರು. ಆಮೇಲಿನ ಏಳು ವರ್ಷ ನಮ್ಮಲ್ಲಿ ಯಾರ ಬಿಲ್ಡ್ ಮುರಿದರೂ ಹಜಾರದಲ್ಲಿ ಓದುವ ದನಿ ಕೇಳುತ್ತಿತ್ತು, ಮಗ್ಗಿ ಹೇಳುವ ತರಗತಿಯ ಹಾಗೆ. ಅದು ಅವರ ಪಾಠದ ಕ್ರಮ ಎಂದೇ ನಾವೆಲ್ಲ ನಂಬಿದ್ದೆವು. ಹೊಸದಾಗಿ ಸೇರಿದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆವು, ಸಾರ್ ಹೀಗೆ ಕಲಿಸುತ್ತಾರೆ ಅಂತ.

ಅವರಿಗೆ ಪರದೆ ಕಾಣುತ್ತಿರಲಿಲ್ಲ. ಕಣ್ಣಿನ ಹಿಂಭಾಗದ ಪದರ, ರೆಟಿನಾ, ವರ್ಷವರ್ಷಕ್ಕೂ ಸಾಯುತ್ತ ಬರುವ ಕಾಯಿಲೆ ಅದು. ಮೊದಲು ಅಂಚುಗಳು ಹೋಗುತ್ತವಂತೆ, ಆಮೇಲೆ ನಡುವೆ ಒಂದು ಬಿಲ್ಲೆಯಷ್ಟು ಉಳಿಯುತ್ತದಂತೆ. ಅವರು ಆ ಬಿಲ್ಲೆಯಷ್ಟು ಕಣ್ಣಿನಲ್ಲಿ ಕೆಲಸ ಮಾಡುತ್ತಿದ್ದರು, ಕೊನೆಯ ಎರಡು ವರ್ಷ ಅದೂ ಇಲ್ಲದೆ. ನಿವೃತ್ತಿಗೆ ಇನ್ನು ಮೂರು ವರ್ಷ ಬಾಕಿ ಇತ್ತು. ಕಣ್ಣಿಲ್ಲದವನ ಕೈಗೆ ಬಿಲ್ಡ್ ಯಾರು ಕೊಡುತ್ತಾರೆ ಎಂಬ ಭಯಕ್ಕೆ ಅವರು ಯಾರಿಗೂ ಹೇಳಲಿಲ್ಲ. ಆ ಮೂರು ವರ್ಷ ಹೇಗಾದರೂ ದಾಟಬೇಕು, ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಈಗ ಯೋಚಿಸಿದರೆ ಗುರುತುಗಳು ಬೇಕಾದಷ್ಟಿದ್ದವು. ನಮ್ಮನ್ನು ಅವರು ಚಪ್ಪಲಿ ಸದ್ದಿನಿಂದ ಗುರುತಿಸುತ್ತಿದ್ದರು. ದೇವರ ಮನೆಯೊಳಗೆ ಬರಿಗಾಲಲ್ಲಿ ಹೋದರೆ ಮಾತ್ರ, "ಯಾರದು?" ಎನ್ನುತ್ತಿದ್ದರು. ಒಂದು ಸಲ ಕೇಬಲ್ ಎಳೆಯುವವರು ಬಾಗಿಲ ಹತ್ತಿರದ ಬೆಂಚನ್ನು ಎರಡು ಅಡಿ ಈಚೆ ಇಟ್ಟು ಹೋಗಿದ್ದರು. ಸಾರ್ ಅದಕ್ಕೆ ಎಡವಿ ಮೊಣಕಾಲು ಒಡೆದುಕೊಂಡರು. ಯಾವತ್ತೂ ದನಿ ಎತ್ತದ ಮನುಷ್ಯ ಅವತ್ತು, "ಇಟ್ಟ ಜಾಗದಲ್ಲಿ ಇರಕ್ಕೆ ಬಿಡಲ್ವೇನ್ರಿ ನೀವು?" ಎಂದು ಕೂಗಾಡಿದರು. ನಾವು ಮುಖ ಮುಖ ನೋಡಿಕೊಂಡೆವು. ವಯಸ್ಸಾಯಿತು, ಬಿ.ಪಿ. ಇರಬೇಕು ಎಂದು ನಾನೇ ಹೇಳಿದೆ.

ಇನ್ನು ನನ್ನ ವಿಷಯ. ನನಗೆ ಚೊಕ್ಕ ಮಾಡುವ ರೋಗ. ಮದುವೆಯಾಗಿ ಶೇಷಾದ್ರಿಪುರಂಗೆ ಬಂದ ಹೊಸದರಲ್ಲಿ ಅಡಿಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಒರೆಸಿ, ಎತ್ತರದ ಪ್ರಕಾರ ಜೋಡಿಸಿದೆ. ನಮ್ಮತ್ತೆ ಎರಡು ದಿನ ಸಾರಿಗೆ ಹುಳಿಪುಡಿ ಹಾಕಿದರು. ಮೂರನೇ ದಿನ ಒಂದೂ ಮಾತಾಡದೆ ಎಲ್ಲವನ್ನೂ ಮೊದಲಿದ್ದ ಹಾಗೇ ಇಟ್ಟರು. ಅದರಿಂದ ನಾನೇನೂ ಕಲಿಯಲಿಲ್ಲ. ಆಫೀಸಿನ ಲೈಬ್ರರಿ ಫೋಲ್ಡರುಗಳನ್ನು ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಹದಿನೈದು ವರ್ಷದ ಕಸ. 'ಹೊಸದು' ಎಂಬ ಫೋಲ್ಡರಿನೊಳಗೆ ಅತಿ ಹಳೆಯದು, 'ತಾತ್ಕಾಲಿಕ' ಎಂಬುದರೊಳಗೆ ಇಡೀ ತಂತ್ರಾಂಶದ ಜೀವ.

ಲ್ಯಾಬುಗಳು ಹೊಸ ಕಂಪ್ಯೂಟರ್ ತರಿಸತೊಡಗಿದಾಗ ನನಗೊಂದು ನೆಪ ಸಿಕ್ಕಿತು. ಹೊಸ ಯಂತ್ರಗಳಿಗೆ ಲೈಬ್ರರಿಗಳ ಹೊಸ ಆವೃತ್ತಿ ಬೇಕಿತ್ತು. ಹೊಸ ಆವೃತ್ತಿ ತರಿಸಿ ಹಾಕುತ್ತೇನೆ ಎಂದು ಮಾಲೀಕರನ್ನು ಕೇಳಿದೆ. ಅವರು ಹೂಂ ಅಂದರು. ಹೇಗೂ ಬದಲಾಯಿಸಬೇಕು, ಜೊತೆಗೆ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಬಿಡೋಣವೆಂದು, ಯಾರಿಗೂ ಹೇಳದೆ ಒಂದು ಶುಕ್ರವಾರ ಸಂಜೆ ಅಷ್ಟನ್ನೂ ಒಂದೇ ಏಟಿಗೆ ಹೊಸ ಜಾಗಕ್ಕೆ ಸರಿಸಿದೆ.

ಸರಿಸುವುದಕ್ಕೂ ಒಂದು ಪದ್ಧತಿ ಇತ್ತು, ಅವರೇ ಕಲಿಸಿದ್ದು. ಹಳೆಯ ಜಾಗದಲ್ಲಿ ಒಂದು ಲಿಂಕ್ ಬಿಟ್ಟು ಹೋಗಬೇಕು, ಹಳೆಯ ದಾರಿ ಹಿಡಿದು ಬಂದವರನ್ನು ಅದು ಹೊಸ ಜಾಗಕ್ಕೆ ಕಳಿಸುತ್ತದೆ. "ಮನೆ ಬದಲಾಯಿಸೋರು ಹಳೇ ಮನೆ ಗೇಟಿಗೆ ಹೊಸ ವಿಳಾಸ ತಗಲಿಹಾಕಿ ಹೋಗಲ್ವಾ, ಹಾಗೆ. ಒಂದಷ್ಟು ದಿನ ಇರಲಿ, ಎಲ್ಲರಿಗೂ ರೂಢಿ ಆಗೋವರೆಗೂ." ನನಗೆ ಅದು ಗೊತ್ತಿತ್ತು. ಬೇಕೆಂದೇ ಬಿಡಲಿಲ್ಲ. ಲಿಂಕುಗಳೂ ನನ್ನ ಕಣ್ಣಿಗೆ ಕಸವೇ. ನನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ ನೋಡಿದೆ, ಸಲೀಸಾಗಿ ಆಯಿತು. ಆಗದೆ ಏನು, ಲೈಬ್ರರಿಗಳ ಹಳೆಯ ಪ್ರತಿಗಳು ನನ್ನ ಯಂತ್ರದಲ್ಲಿ ಹಾಗೇ ಉಳಿದಿದ್ದವು, ಕಡತದಲ್ಲಿ ಉಳಿದುಬಿಟ್ಟಿದ್ದ ಹಳೆಯ ಪಾತ್ ಹಿಡಿದು ಅದು ಅವನ್ನೇ ಎತ್ತಿಕೊಂಡಿತ್ತು. ಖುಷಿಯಿಂದ ಮನೆಗೆ ಹೋದೆ.

ಸೋಮವಾರ ಮಲ್ಲೇಶ್ವರದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಗೃಹಪ್ರವೇಶ. ಅರ್ಧ ದಿನ ರಜೆ ಹೇಳಿದ್ದೆ. ತಿಂಡಿ ಮುಗಿಸಿ ಫೋನ್ ತೆಗೆದರೆ ಮಾಲೀಕರ ಕರೆ ಹದಿನಾಲ್ಕು. ಒಂದು ಲ್ಯಾಬಿನಲ್ಲಿ ಥೈರಾಯ್ಡ್ ವರದಿ ತಪ್ಪು ಅಳತೆಯಲ್ಲಿ ಮುದ್ರಣವಾಗುತ್ತಿತ್ತು, ಮಧ್ಯಾಹ್ನದೊಳಗೆ ಸರಿಮಾಡಿ ಕಳಿಸಬೇಕು, ಬಿಲ್ಡ್ ಆಗುತ್ತಿಲ್ಲ. ಆಟೋ ಹಿಡಿದು ರೇಷ್ಮೆ ಸೀರೆಯಲ್ಲೇ ಆಫೀಸಿಗೆ ಓಡಿದೆ.

ನಾನು ಒಳಗೆ ಬಂದಾಗ ಹನ್ನೊಂದೂವರೆ. ಅವರು ಎಂಟು ಗಂಟೆಯಿಂದ ಕೂತಿದ್ದರಂತೆ. ಬೆನ್ನಹಿಂದೆ ಮಾಲೀಕರು, ಅವರ ಹಿಂದೆ ಎಲ್ಲರೂ. ಅವರು ಬಾಯಿಪಾಠದ ಒಂದು ಪಾತ್ ಟೈಪ್ ಮಾಡಿದರು. ಸಿಗಲಿಲ್ಲ. ಇನ್ನೊಂದು ಮಾಡಿದರು. ಸಿಗಲಿಲ್ಲ. ಬೆರಳು ನಿಧಾನವಾಯಿತು. ತಪ್ಪು ಹೇಳಿದೆನೇನೋ ಎಂಬ ಹಾಗೆ ಮೊದಲಿನದನ್ನೇ ಮತ್ತೆ ಮಾಡಿದರು. ಆ ಕತ್ತು ಬೆವತಿದ್ದು ನನಗೆ ಇವತ್ತಿಗೂ ಕಾಣುತ್ತದೆ.

"ಸಾರ್, ಅಲ್ಲೇ ಇದೆಯಲ್ಲ," ಮಾಲೀಕರು ತಾಳ್ಮೆಯಿಂದಲೇ ಹೇಳಿದರು. "ಹೊಸ ಫೋಲ್ಡರ್ ಹೆಸರು. ಎರಡನೇ ಸಾಲು ನೋಡಿ."

"ಎಲ್ಲಿ?"

"ಇಲ್ಲಿ ಸಾರ್." ಮಾಲೀಕರು ಬೆರಳಿಟ್ಟು ತೋರಿಸಿದರು.

ಅವರು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದರು. ಆಮೇಲೆ ಕೈ ಚಾಚಿ ಗಾಜನ್ನು ಸವರಿದರು. ಅವರ ಬೆರಳು ಮಾಲೀಕರ ಬೆರಳಿಗೆ ತಗುಲಿ ನಿಂತಿತು. "ಎಲ್ಲಿ ಸಾರ್?" ಎಂದು ಇನ್ನೊಮ್ಮೆ ಕೇಳಿದರು. ತಮಗಿಂತ ಹದಿನೈದು ವರ್ಷ ಚಿಕ್ಕವರನ್ನು ಅವರು ಸಾರ್ ಎಂದದ್ದು ಅದೇ ಮೊದಲು. ಹಜಾರದಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು.

ಮುಂದಿನ ಹದಿನೈದು ನಿಮಿಷದಲ್ಲಿ ನಾನು ಹಳೆಯ ಜಾಗಗಳಲ್ಲೆಲ್ಲ ಲಿಂಕ್ ಇಟ್ಟೆ. ಬಿಲ್ಡ್ ಆಯಿತು. ಲ್ಯಾಬಿಗೆ ಹೋಯಿತು. ನಾಲ್ಕು ಜನ ನನಗೆ ಥ್ಯಾಂಕ್ಸ್ ಹೇಳಿದರು. ಮಾಲೀಕರು ತಿರುಗಿ, "ಇದನ್ನೆಲ್ಲ ಹೇಳದೆ ಕೇಳದೆ ಹಿಂಗೆ ಸರಿಸಿದ್ದು ಯಾರು?" ಅಂದರು. ಯಾರು ಏನು ಬದಲಿಸಿದರೆಂಬುದು ದಾಖಲೆಯಲ್ಲಿ ಹೆಸರಿನ ಸಮೇತ ಇರುತ್ತದೆ. ಸರಿಸಿದ್ದು ನಾನೆಂದು ಸಾರ್‌ಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, "ನಾನೇ ಹೇಳಿದ್ದೆ, ಚೊಕ್ಕ ಮಾಡಮ್ಮ ಅಂತ. ಲಿಂಕ್ ನೋಡ್ಕೋಬೇಕಾಗಿದ್ದು ನಾನು. ಮರೆತೆ" ಅಂದರು. ನಾನು ಸುಮ್ಮನಿದ್ದೆ.

ಮಾಲೀಕರು ಕೆಟ್ಟವರಲ್ಲ. ಕೋಣೆಗೆ ಕರೆದು ಕೂರಿಸಿ ಕಾಫಿ ತರಿಸಿಕೊಟ್ಟರು. "ಎರಡು ತಿಂಗಳು ರಜ ತಗೊಳ್ಳಿ ಸಾರ್. ಕಣ್ಣು ತೋರಿಸ್ಕೊಳ್ಳಿ. ಹೆಂಗೋ ಒಂದು ರೀತಿಲಿ ಮೊದಲಿನ ಥರ ಬಿಲ್ಡ್ ನಡೆಸ್ತೀನಿ ಅಂತ ಬಂದು ತೋರಿಸಿದ್ರೆ ಆ ಸೀಟು ನಿಮ್ದೇ" ಎಂದರು. ಕಣ್ಣಿಗೆ ಔಷಧಿ ಇಲ್ಲವೆಂದು ಸಾರ್‌ಗೆ ಮೊದಲೇ ಗೊತ್ತಿತ್ತು. ಆದರೆ 'ಹೆಂಗೋ ಒಂದು ರೀತಿಲಿ' ಎಂಬ ಮಾತನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು.

ನಾನಿಟ್ಟ ಲಿಂಕುಗಳು ಒಂದು ವಾರದ ತೇಪೆ ಅಷ್ಟೆ. ಹೊಸ ಆವೃತ್ತಿಯಲ್ಲಿ ಒಂದು ಲೈಬ್ರರಿ ಮೂರಾಗಿತ್ತು, ಎರಡು ಸೇರಿ ಒಂದಾಗಿತ್ತು, ಕೆಲವು ಬೇಡವೇ ಆಗಿದ್ದವು. ಒಂದು ಮನೆಯವರು ಮೂರು ಮನೆ ಮಾಡಿಕೊಂಡರೆ ಹಳೆಯ ಗೇಟಿಗೆ ಯಾವ ವಿಳಾಸ ತಗಲಿಹಾಕುವುದು? ಅವರು ಬರುವುದಾದರೆ ಹೊಸ ದಾರಿಗಳನ್ನೇ ಕಲಿತು ಬರಬೇಕಿತ್ತು.

ರಜೆಯ ಎರಡನೇ ವಾರ ಫೋನ್ ಮಾಡಿದರು. ನಾನು ಕ್ಷಮೆ ಕೇಳಲು ಹೊರಟೆ, ಅವರು ಕೇಳಿಸಿಕೊಳ್ಳಲಿಲ್ಲ.

"ಅದು ಬಿಡು. ನನಗೊಂದು ಉಪಕಾರ ಮಾಡು. ಹೊಸ ಪಾತ್‌ಗಳನ್ನ ಒಂದ್ಸಲ ನನಗೆ ಓದಿ ಹೇಳ್ಬಿಡು. ನಾನು ತಲೇಲಿ ಇಟ್ಕೋತೀನಿ."

"ಪರದೆ ಓದಿ ಹೇಳೋ ಸಾಫ್ಟ್‌ವೇರ್ ಇದೆಯಲ್ಲ ಸಾರ್."

"ಇದೆ, ಕಲೀತಿದೀನಿ. ಅದು ಓದೋ ವೇಗಕ್ಕೆ ನನ್ನ ಕಿವಿ ಇನ್ನೂ ಬಗ್ಗಿಲ್ಲ. ಯಾವುದು ಎಲ್ಲಿದೆ ಅಂತ ಒಂದ್ಸಲ ತಲೇಲಿ ಕೂತ್ರೆ, ಅದೂ ಇದೂ ಸೇರಿ ನಡೆದುಹೋಗತ್ತೆ."

"ಪಟ್ಟಿ ಕಳಿಸ್ಲಾ? ಮನೇಲಿ ಮೇಡಂ ಓದ್ತಾರಲ್ಲ?"

"ಅವಳು ಓದ್ತಾಳೆ. ಆದ್ರೆ ಯಾವುದು ಯಾಕೆ ಅಲ್ಲಿಗೆ ಹೋಯ್ತು ಅಂತ ನಿನಗೇ ತಾನೇ ಗೊತ್ತಿರೋದು? ಕಾರಣ ಗೊತ್ತಾದ್ರೆ ಮರೆಯಲ್ಲ. ಹೆಸರು ಬರೀ ಹೆಸರಾದ್ರೆ ನಿಲ್ಲಲ್ಲ."

"ಈ ಭಾನುವಾರ ಬರ್ತೀನಿ ಸಾರ್" ಅಂದೆ. ಅವತ್ತೇ ಪಟ್ಟಿಯನ್ನು ಪ್ರಿಂಟ್ ತೆಗೆದೆ. ಹತ್ತಿರಹತ್ತಿರದ್ದನ್ನು ಒಟ್ಟಿಗೆ ಸೇರಿಸಿ, ಕಾರಣವನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಮುನ್ನೂರು ಪಾತ್ ಈಗ ನೂರಕ್ಕಿಳಿದಿತ್ತು, ಎಲ್ಲ ಸೇರಿ ನಾಲ್ಕು ಹಾಳೆ ಆಯಿತು.

ಆ ಭಾನುವಾರ ಮನೆಗೆ ನೆಂಟರು ಬಂದರು. ಇದು ನಿಜ. ಎರಡನೆಯ ಭಾನುವಾರ ಆಫೀಸಿನಲ್ಲಿ ತುರ್ತು ಕೆಲಸವಿತ್ತು. ಇದು ಮುಕ್ಕಾಲು ನಿಜ. ಮೂರನೆಯ ಶನಿವಾರ ಅವರು ಫೋನ್ ಮಾಡಿದರು, ಅದು ಬಡಿದುಕೊಂಡು ತಾನಾಗಿ ನಿಲ್ಲುವ ತನಕ ನೋಡುತ್ತ ಕೂತಿದ್ದೆ. ನಾಲ್ಕನೆಯ ಭಾನುವಾರ ಬಸ್ಸು ಹತ್ತಿ ಬಸವನಗುಡಿಗೆ ಹೋಗಿ, ಅವರ ಬೀದಿಯ ತುದಿಯವರೆಗೂ ನಡೆದೆ. ಅಲ್ಲಿ ನಿಂತು, ಒಳಗೆ ಹೋಗಿ ಮೊದಲು ಏನು ಹೇಳಬೇಕೆಂದು ಯೋಚಿಸಿದೆ. ಹೊಳೆಯಲಿಲ್ಲ. ಒಂದು ಮೊಳ ಮಲ್ಲಿಗೆ ಕೊಂಡು ವಾಪಸು ಬಂದೆ.

ನಾಚಿಕೆಯಿಂದ ಹೋಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸತ್ಯವಲ್ಲ. ಅವರು ರಜೆ ಹೋದ ದಿನದಿಂದ ಬಿಲ್ಡ್ ನನ್ನ ಕೈಯಲ್ಲಿತ್ತು. ಎಲ್ಲರೂ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. ನಾಲ್ಕು ವರ್ಷ ಮನೆಯಲ್ಲಿದ್ದು ಬಂದವಳ ಕೈಲಾಗುವುದಿಲ್ಲ ಅಂದವರ ಮುಂದೆ ನಾನು ಆಫೀಸಿನ ನಡುಮನೆಯಲ್ಲಿ ಕೂತಿದ್ದೆ. ಅವರು ವಾಪಸು ಬರುವುದು ನನಗೆ ಬೇಕಿತ್ತೇ ಎಂದು ಕೇಳಿಕೊಂಡರೆ, ಉತ್ತರ ಬರೆಯಲು ಕೈ ಬರುವುದಿಲ್ಲ. ಬೇಡವೆಂದು ಒಂದು ದಿನವೂ ಅಂದುಕೊಂಡಿಲ್ಲ. ಹೋಗಲಿಲ್ಲ, ಅಷ್ಟೆ.

ಎರಡು ತಿಂಗಳು ತುಂಬಿದ ಮೇಲೆ ಅವರು ತಾವಾಗಿ ರಾಜೀನಾಮೆ ಪತ್ರ ಕಳಿಸಿದರು. ಆಫೀಸಿನಲ್ಲಿ ಬೀಳ್ಕೊಡುಗೆ ಇಟ್ಟುಕೊಂಡೆವು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಯಾರೋ ಕೈ ಹಿಡಿಯಲು ಹೋದರೆ ಬೇಡವೆಂದು, ಬೆಂಚು ತಪ್ಪಿಸಿ ತಾವೇ ನಡೆದು ಕುರ್ಚಿಗೆ ಬಂದರು. ಭಾಷಣ ಮಾಡಿದ್ದು ನಾನು. ನಮಗೆ ಓದುವುದನ್ನು ಕಲಿಸಿದವರು ಎಂದು ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಅವರು ತಲೆ ಬಲಕ್ಕೆ ವಾಲಿಸಿ ಪೂರ್ತಿ ಕೇಳಿದರು. ಹೊರಡುವಾಗ, "ಚೆನ್ನಾಗಿ ಮಾತಾಡ್ದೆ ಕಣಮ್ಮ" ಅಂದರು. ಆ ದನಿಯಲ್ಲಿ ಕೊಂಕೇನಾದರೂ ಇತ್ತೇ ಎಂದು ನೂರು ಸಲ ನೆನಪು ಮಾಡಿಕೊಂಡಿದ್ದೇನೆ, ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

ಆಮೇಲೆ ಒಂದೇ ಸಲ ಅವರನ್ನು ನೋಡಿದ್ದು. ಗಾಂಧಿಬಜಾರಿನ ತರಕಾರಿ ಅಂಗಡಿಯ ಮುಂದೆ ಹೆಂಡತಿಯ ಮೊಣಕೈ ಹಿಡಿದು ನಿಂತಿದ್ದರು. ಆಕೆ ಬೀನ್ಸ್ ಆರಿಸುತ್ತಿದ್ದರು, ಇವರು ಏನೋ ಹೇಳಿ ನಗಿಸುತ್ತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಆಕೆಗೆ ನನ್ನ ಮುಖ ಪರಿಚಯವಿಲ್ಲ. ಇವರಿಗೆ ಕಾಣುವುದಿಲ್ಲ. ಒಂದು ಹೆಜ್ಜೆ ಇಟ್ಟರೂ ಚಪ್ಪಲಿ ಸದ್ದಿನಿಂದ ಗುರುತಿಸಿಬಿಡುತ್ತಾರೆಂದು ಅವರು ಹೋಗುವವರೆಗೂ ಅಲುಗಾಡದೆ ನಿಂತಿದ್ದೆ. ನಾನು ಮಾಡಿದ್ದರಲ್ಲೆಲ್ಲ ಅದರಷ್ಟು ನೀಚವಾದದ್ದು ಇನ್ನೊಂದಿಲ್ಲ.

ಹೃದಯ ನಿಂತು ಹೋದರಂತೆ, ಬೆಳಿಗ್ಗೆ ಕಾಫಿ ಕುಡಿಯುತ್ತ. ವೈಕುಂಠ ಸಮಾರಾಧನೆ ಕಳೆದು ನಾಲ್ಕು ದಿನಕ್ಕೆ ಅವರ ಮನೆಗೆ ಹೋದೆ. ಡ್ರಾಯರಿನಲ್ಲಿ ಹಾಗೇ ಬಿದ್ದಿದ್ದ ನಾಲ್ಕು ಹಾಳೆಗಳನ್ನು ಯಾಕೋ ಚೀಲಕ್ಕೆ ಹಾಕಿಕೊಂಡೆ. ಮೊದಲ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅವರ ಹೆಂಡತಿ ಬಾಗಿಲು ತೆರೆದರು. ಶಾಲೆಯಲ್ಲಿ ಟೀಚರಾಗಿದ್ದವರು, ನೆಟ್ಟಗೆ ನೋಡುತ್ತಾರೆ. ನಾನು ಯಾರೆಂದು ಹೇಳಿದೆ.

"ಓ, ನೀವಾ. ಬನ್ನಿ, ಕೂತ್ಕೊಳ್ಳಿ" ಅಂದರು. ನೀರು ತಂದುಕೊಟ್ಟರು. "ನಿಮ್ಮ ವಿಷಯ ಬಹಳ ಹೇಳೋರು. ಆ ಎರಡು ತಿಂಗಳು ಭಾನುವಾರ ಬಂತು ಅಂದ್ರೆ ಬೇಗ ಸ್ನಾನ ಮಾಡಿ, ಒಳ್ಳೇ ಅಂಗಿ ಹಾಕ್ಕೊಂಡು, ಹತ್ತು ಗಂಟೆಗೆ ನೀವೀಗ ಕೂತಿದೀರಲ್ಲ, ಅದರ ಎದುರು ಕೂತ್ಬಿಡೋರು. ಊಟದ ಹೊತ್ತಾದ್ರೂ ಏಳ್ತಿರ್ಲಿಲ್ಲ."

ನಾನು ನೀರಿನ ಲೋಟ ಹಿಡಿದುಕೊಂಡೇ ಇದ್ದೆ.

"ಇನ್ನೊಂದ್ಸಲ ಫೋನ್ ಮಾಡ್ಲಾ ಅಂತ ನಾನು ಕೇಳ್ತಿದ್ದೆ. ಬೇಡ ಬೇಡ, ಅದು ಮೂರು ದಿನ ಹಿಡಿಯೋ ಕೆಲಸ, ಪಾಪ ಅವಳಿಗೆ ಪುರುಸೊತ್ತು ಎಲ್ಲಿದೆ, ಮನೆ ಮಗು ಆಫೀಸು ಎಲ್ಲ ನೋಡ್ಕೋಬೇಕು ಅನ್ನೋರು. ಒಂದು ದಿನಾನೂ ನಿಮ್ಮನ್ನ ಬೇರೆ ಥರ ಅನ್ನಲಿಲ್ಲ." ಆಮೇಲೆ ನನ್ನನ್ನೇ ನೆಟ್ಟಗೆ ನೋಡಿ ಕೇಳಿದರು. "ಮೂರು ದಿನದ ಕೆಲಸಾನಾ ಅದು?"

ಹೌದು ಎನ್ನಬಹುದಿತ್ತು. ಅವರು ನನಗಾಗಿಯೇ ಹೇಳಿಟ್ಟು ಹೋದ ಸುಳ್ಳು ಅದು. ಆಕೆ ಒಪ್ಪಿಕೊಳ್ಳಲು ಸಿದ್ಧರಾಗಿಯೇ ಕೇಳುತ್ತಿದ್ದರು. ನನ್ನ ಬಾಯಿಂದ ಬರಲಿಲ್ಲ.

"ಇಲ್ಲ ಮೇಡಂ. ಹೆಚ್ಚೆಂದ್ರೆ ಅರ್ಧ ಗಂಟೆ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಬೈಯುತ್ತಾರೆಂದು ಕಾದೆ. ಬೈದರೆ ಸಾಕೆನಿಸಿತ್ತು.

"ಆ ಪಟ್ಟಿ ಇದೆಯಾ ನಿಮ್ಮ ಹತ್ರ?"

"ಇದೆ."

"ಓದಿ."

"ಈಗ ಯಾಕೆ ಮೇಡಂ…"

"ಓದಿ. ಅವರು ಏನು ಕೇಳಬೇಕು ಅಂತ ಕೂತಿದ್ರೋ ನನಗೂ ಗೊತ್ತಾಗ್ಲಿ."

ಹಾಳೆಗಳನ್ನು ತೆಗೆದು ಓದಿದೆ. ಒಂದೊಂದು ಸಾಲನ್ನೂ, ಪಕ್ಕದ ಪೆನ್ಸಿಲ್ ಗುರುತಿನ ಪ್ರಕಾರ ಅದು ಯಾಕೆ ಅಲ್ಲಿಗೆ ಹೋಯಿತೆಂಬುದನ್ನೂ. ಆಕೆಗೆ ಒಂದು ಪದವೂ ಅರ್ಥವಾಗಿರಲಾರದು. ಮಡಿಲಲ್ಲಿ ಕೈಯಿಟ್ಟುಕೊಂಡು, ಎಲ್ಲೂ ತಡೆಯದೆ ಕೇಳಿದರು. ಎರಡನೆಯ ಹಾಳೆ ಮುಗಿಯಿತು. ಮೂರನೆಯದು ಮುಗಿಯಿತು. ನಾಲ್ಕನೆಯ ಹಾಳೆ ಅರ್ಧವೇ ಇತ್ತು.

ಮುಗಿಸಿ ಹಾಳೆ ಮಡಿಸಿದೆ. ಆಕೆ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು.

"ಇಪ್ಪತ್ತು ನಿಮಿಷಾನೂ ಆಗಲಿಲ್ಲವಲ್ಲ" ಅಂದರು.